ರಸ್ತೆ ಯಾರದು? ಬೆಂಗಳೂರಿನ ಒಂದು ಬೀದಿಯ ಒಳಹೊರಗು

ಬೆಂಗಳೂರಿನ ಹೊರವಲಯದ ಯಾವುದಾದರೊಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತಡಿ ಅಗಲ, ಎರಡೂ ಬದಿಗೆ ಮನೆಗಳು, ತಿರುವಿನಲ್ಲಿ ದಿನಸಿ ಅಂಗಡಿ, ಅದರ ಎದುರಿಗೆ ಟ್ರಾನ್ಸ್‌ಫಾರ್ಮರ್. ನಲ್ಲಿಯಲ್ಲಿ ನೀರು ಬಾರದಿದ್ದರೆ ಇಲ್ಲಿನವರು 1916ಕ್ಕೆ ಕರೆ ಮಾಡಬೇಕು. ಕರೆಂಟ್ ಹೋದರೆ 1912. ರಸ್ತೆಯಲ್ಲಿ ಗುಂಡಿ ಬಿದ್ದರೆ 1533. ಆ ಗುಂಡಿ ಬಿದ್ದದ್ದು ನೀರಿನ ಕೊಳವೆ ಸೋರಿದ್ದರಿಂದ, ಕೊಳವೆ ಸೋರಿದ್ದು ಕೇಬಲ್ ಹೂಳುವಾಗ ಪೆಟ್ಟು ಬಿದ್ದದ್ದರಿಂದ ಎಂದಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು? ಮೂರೂ ಕಡೆ ದೂರು ದಾಖಲಿಸಬಹುದು. ಮೂರನ್ನೂ ಒಟ್ಟಿಗೆ ನೋಡಿ, ಇಂಥವರಿಂದ ಇಂಥ ತಪ್ಪಾಗಿದೆ, ಇಂಥ ದಿನಕ್ಕೆ ಸರಿಯಾಗಬೇಕು ಎಂದು ಹೇಳುವವರು ಮಾತ್ರ ಸಿಗುವುದಿಲ್ಲ.

ನಮ್ಮ ರಸ್ತೆಗಳ ಸ್ಥಿತಿಗೆ ಭ್ರಷ್ಟಾಚಾರ, ಕಳಪೆ ಕಾಮಗಾರಿ ಎಂಬ ಎರಡು ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಎರಡೂ ನಿಜ. ಆದರೆ ಅವು ಇಷ್ಟು ವರ್ಷ ಇಷ್ಟು ನಿರಾತಂಕವಾಗಿ ಬಾಳಿರುವುದಕ್ಕೆ ಬೇರೊಂದು ಕಾರಣವಿದೆ, ಅದು ಚರ್ಚೆಗೆ ಬರುವುದು ಕಡಿಮೆ. ಒಂದು ಬೀದಿಯ ಹತ್ತು ಕೆಲಸಗಳನ್ನು ಹತ್ತು ಸಂಸ್ಥೆಗಳಿಗೆ ಹಂಚಿಕೊಟ್ಟು, ಆ ಹತ್ತನ್ನೂ ಎದುರಿಗೆ ಕೂರಿಸಿಕೊಂಡು ಲೆಕ್ಕ ಕೇಳಬೇಕಾದ ಕುರ್ಚಿಯನ್ನು ಈ ನಗರ ಖಾಲಿ ಬಿಟ್ಟಿತು. ಆ ಕುರ್ಚಿ ಯಾವುದು, ಹೇಗೆ ಖಾಲಿಯಾಯಿತು ಎಂಬುದನ್ನು ಬೀದಿಯಿಂದಲೇ ಆರಂಭಿಸಿ ನೋಡೋಣ.

ಡಾಂಬರಿನ ಕೆಳಗೆ

ಎಲ್ಲಕ್ಕಿಂತ ಆಳದಲ್ಲಿರುವುದು ಒಳಚರಂಡಿ. ಕೊಳಚೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಆದ್ದರಿಂದ ಕೊಳವೆಗೆ ಅಳತೆ ಮಾಡಿ ಓರೆ ಕೊಡಬೇಕು, ಬೀದಿ ಉದ್ದವಾದಷ್ಟೂ ಅಗೆತ ಆಳವಾಗುತ್ತ ಹೋಗುತ್ತದೆ, ಅಲ್ಲಲ್ಲಿ ಮ್ಯಾನ್‌ಹೋಲ್ ಕಟ್ಟಬೇಕು. ಅದಕ್ಕಿಂತ ಮೇಲೆ ಕುಡಿಯುವ ನೀರಿನ ಕೊಳವೆ. ಇದು ಒತ್ತಡದಲ್ಲಿ ಹರಿಯುವುದರಿಂದ ಏರು ತಗ್ಗುಗಳ ಹಂಗಿಲ್ಲ, ಆದರೆ ಒಂದು ಸಣ್ಣ ಬಿರುಕು ಬಿಟ್ಟರೂ ಸುತ್ತಲಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಇವೆರಡೂ ಜಲಮಂಡಳಿಗೆ ಸೇರಿದವು. ಬದಿಯಲ್ಲಿ ವಿದ್ಯುತ್ ಪೂರೈಸುವ ಬೆಸ್ಕಾಂನ ಕೇಬಲ್, ಅದರ ಪಕ್ಕ ಅಂತರ್ಜಾಲದ ಓಎಫ್‌ಸಿ ತಂತಿಗಳು, ಕೆಲವು ಕಡೆ ಅಡುಗೆ ಅನಿಲದ ಕೊಳವೆ. ಅಂಚಿನಲ್ಲಿ ಮಳೆನೀರಿನ ಚರಂಡಿ. ಅದು ಮತ್ತು ಅದರ ಮೇಲಿನ ಡಾಂಬರು ಪಾಲಿಕೆಯವು. ರಸ್ತೆಯ ಮೇಲೆ ಓಡುವ ಬಸ್ಸು ಬಿಎಂಟಿಸಿಯದು, ತಿರುವಿನ ಸಿಗ್ನಲ್ ಸಂಚಾರ ಪೊಲೀಸರದು. ಬೀದಿ ಹೋಗಿ ಸೇರುವ ಮುಖ್ಯರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದರೆ ಕಾಮಗಾರಿ ಮುಗಿಯುವವರೆಗೆ ಅಲ್ಲಿ ಮೆಟ್ರೊ ನಿಗಮದ ಮಾತು ನಡೆಯುತ್ತದೆ. ಹೆದ್ದಾರಿಯಾದರೆ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು.

ಈ ಸಂಸ್ಥೆಗಳಲ್ಲಿ ಯಾವುದೂ ಇನ್ನೊಂದರ ಕೈಕೆಳಗಿಲ್ಲ ಎಂಬುದನ್ನು ಗಮನಿಸಬೇಕು. ರಸ್ತೆ ಅಗೆಯುವವರು ಪಾಲಿಕೆಯಿಂದ ಅನುಮತಿ ಪಡೆಯಬೇಕು ಎಂಬ ನಿಯಮವಿದೆ, ಅದಕ್ಕಾಗಿ ಕಂಪ್ಯೂಟರ್ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆಯೂ ಬಂದಿದೆ. ಆದರೆ ಅನುಮತಿ ಕೊಡುವುದು ಒಂದು, ಹೊಂದಿಸುವುದು ಇನ್ನೊಂದು. ಜಲಮಂಡಳಿಗೆ ಸಾಲ ಮಂಜೂರಾಗುವ ವರ್ಷ, ಬೆಸ್ಕಾಂಗೆ ಹಣ ಬರುವ ವರ್ಷ, ಪಾಲಿಕೆ ಡಾಂಬರಿಗೆ ಟೆಂಡರ್ ಕರೆಯುವ ತಿಂಗಳು ಇವೆಲ್ಲ ಬೇರೆ ಬೇರೆ ಪಂಚಾಂಗ ನೋಡಿಕೊಂಡು ನಡೆಯುತ್ತವೆ. ಹೀಗಾಗಿ ಒಂದೇ ರಸ್ತೆಯನ್ನು ಒಳಚರಂಡಿಗೊಮ್ಮೆ, ನೀರಿಗೊಮ್ಮೆ, ಕೇಬಲ್ಲಿಗೊಮ್ಮೆ ಸೀಳಲಾಗುತ್ತದೆ.

ಸೀಳಿದ್ದನ್ನು ಮುಚ್ಚುವುದರಲ್ಲಿಯೂ ಒಂದು ಶಾಸ್ತ್ರವಿದೆ. ಅಗೆದ ಮಣ್ಣನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಕಿ ಅದುಮಬೇಕು. ಒಂದೇ ಸಲ ಸುರಿದು ಮೇಲೆ ಜಲ್ಲಿ ಹರಡಿದರೆ ಮೊದಲ ಮಳೆಗೆ ಆ ಮಣ್ಣು ಕುಸಿದು ಉದ್ದಕ್ಕೂ ಹಳ್ಳವಾಗುತ್ತದೆ. ಹಳ್ಳದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತದೆ, ಆ ಬಿರುಕಿನ ಮೇಲೆ ನೀರಿನ ಟ್ಯಾಂಕರಿನ ಚಕ್ರ ಹರಿದರೆ ಗುಂಡಿ. ಹೊಸ ರಸ್ತೆ ಹಾಕಿದ ಗುತ್ತಿಗೆದಾರನ ಮೇಲೆ ಇಷ್ಟು ವರ್ಷದವರೆಗೆ ದೋಷಗಳನ್ನು ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಹೊಣೆ ಇರುತ್ತದೆ. ಬೇರೊಂದು ಸಂಸ್ಥೆ ನಡುವೆ ಬಂದು ರಸ್ತೆಯನ್ನು ಕತ್ತರಿಸಿದ ದಿನ, ಹಾಳಾದದ್ದು ತನ್ನ ಕೆಲಸದಿಂದಲ್ಲ ಎಂದು ಅವನು ಹೇಳಲು ದಾರಿಯಾಗುತ್ತದೆ. ಅಗೆದ ಸಂಸ್ಥೆ ತಾನು ಮುಚ್ಚಿದ್ದೇನೆ, ಶುಲ್ಕವನ್ನೂ ಕಟ್ಟಿದ್ದೇನೆ ಎನ್ನುತ್ತದೆ. ಇಬ್ಬರ ಮಾತೂ ಕಾಗದದ ಮೇಲೆ ಸರಿಯಾಗಿಯೇ ಇರಬಹುದು. ಸೊಂಟ ನೋಯಿಸಿಕೊಂಡ ಬೈಕ್ ಸವಾರನ ಪಾಲಿಗೆ ಅದರಿಂದ ಏನೂ ಬದಲಾಗುವುದಿಲ್ಲ.

ಇದನ್ನು ಸರಿಯಾಗಿ ಮಾಡುವುದು ನಮ್ಮವರಿಗೆ ತಿಳಿಯದ ವಿದ್ಯೆಯೇನೂ ಅಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಹತ್ತು ವರ್ಷಗಳ ಹಿಂದೆ ಟೆಂಡರ್‌ಶ್ಯೂರ್ ಹೆಸರಿನಲ್ಲಿ ನಡೆದ ಕೆಲಸವನ್ನು ನೆನಪಿಸಿಕೊಳ್ಳಬಹುದು. ಕೊಳವೆ, ತಂತಿಗಳಿಗೆಲ್ಲ ಮೊದಲೇ ಜಾಗ ಗೊತ್ತುಮಾಡಿ, ಬಹುಪಾಲು ಕಾಲುದಾರಿಯ ಕೆಳಗೆ ಇಟ್ಟು, ತೆರೆದು ನೋಡಲು ಬಾಯಿಗಳನ್ನು ಬಿಟ್ಟು, ಆಮೇಲೆ ರಸ್ತೆ ಹಾಕಿದರು. ಮುಂದೆ ದುರಸ್ತಿಗೆ ಡಾಂಬರನ್ನು ಮುಟ್ಟಬೇಕಾಗಿಲ್ಲ. ಆ ರಸ್ತೆಗಳಲ್ಲಿ ನಡೆದಾಡಿದವರಿಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ದುಬಾರಿ ಎಂಬ ಟೀಕೆ ಬಂತು, ಉಳ್ಳವರ ಪ್ರದೇಶಕ್ಕೆ ಮೊದಲು ಏಕೆ ಎಂಬ ಪ್ರಶ್ನೆಯೂ ಬಂತು. ಎರಡನೆಯದು ನ್ಯಾಯವಾದ ಪ್ರಶ್ನೆ. ಆದರೆ ಆ ಕೆಲಸ ತೋರಿಸಿಕೊಟ್ಟದ್ದನ್ನು ಮರೆಯಬಾರದು. ಎಲ್ಲ ಸಂಸ್ಥೆಗಳನ್ನೂ ಒಂದು ನಕ್ಷೆಯ ಮುಂದೆ ಕೂರಿಸುವವರು ಇದ್ದಲ್ಲಿ ಇದೇ ಊರಿನಲ್ಲಿ, ಇದೇ ಎಂಜಿನಿಯರುಗಳಿಂದ ಒಳ್ಳೆಯ ರಸ್ತೆ ಆಗುತ್ತದೆ. ಬೆಂಗಳೂರಿನಲ್ಲಿ ಹನ್ನೆರಡು ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆಗಳಿವೆ. ಅಷ್ಟಕ್ಕೂ ಕೂರಿಸುವವರು ಯಾರು?

ಒಂದೊಂದಾಗಿ ಬೇರೆಯಾದ ಕೆಲಸಗಳು

ನಗರಕ್ಕೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ, ಅದೂ ಎರಡಾಗಿ: ಪೇಟೆ ಕಡೆಗೆ ಒಂದು, ದಂಡು ಪ್ರದೇಶಕ್ಕೆ ಇನ್ನೊಂದು. ಇಂದಿಗೂ ಕಬ್ಬನ್ ಪಾರ್ಕಿನ ಆಚೆ ಈಚೆ ರಸ್ತೆಗಳ ಚಹರೆ ಬೇರೆ ಬೇರೆಯಾಗಿರುವುದಕ್ಕೆ ಇದು ಒಂದು ಕಾರಣ. ಸ್ವಾತಂತ್ರ್ಯದ ನಂತರ 1949ರಲ್ಲಿ ಎರಡನ್ನೂ ಕೂಡಿಸಿ ಬೆಂಗಳೂರು ನಗರ ಪಾಲಿಕೆ ಆಯಿತು. ಹೆಸರಿಗೆ ಅದು ನಗರದ ಸರ್ಕಾರ. ಆದರೆ ಅದು ಹುಟ್ಟುವ ಮೊದಲೇ, 1945ರಲ್ಲಿ, ಬಡಾವಣೆಗಳನ್ನು ನಿರ್ಮಿಸುವ ಕೆಲಸ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ ಪಾಲಾಗಿತ್ತು. ಅದರ ಜಾಗದಲ್ಲಿ 1976ರ ಕಾಯ್ದೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು. ನೀರು ಮತ್ತು ಒಳಚರಂಡಿಗೆ 1964ರಲ್ಲಿ ಜಲಮಂಡಳಿ. ಬಸ್ಸಿಗೆ 1997ರಲ್ಲಿ ಬಿಎಂಟಿಸಿ. ವಿದ್ಯುತ್ತಿಗೆ 2002ರಲ್ಲಿ ಬೆಸ್ಕಾಂ. ಮೆಟ್ರೊಗೆ ಅದರದೇ ನಿಗಮ, ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಅದರ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ.

ಒಂದೊಂದು ಸಂಸ್ಥೆ ಹುಟ್ಟಿದಾಗಲೂ ಅದಕ್ಕೆ ಒಳ್ಳೆಯ ಕಾರಣವೇ ಇತ್ತು ಎಂದು ಒಪ್ಪುತ್ತೇನೆ. ಕಾವೇರಿಯನ್ನೇ ನೋಡಿ. ಅದರ ನೀರನ್ನು ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ನಗರಕ್ಕೆ ಸುಮಾರು 100 ಕಿಲೋಮೀಟರ್ ದೂರ. ನೀರನ್ನು ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಬೇಕು. ಗುಡ್ಡದ ಬೆನ್ನಿನ ಮೇಲೆ ಕುಳಿತ, ದೊಡ್ಡ ನದಿಯಿಲ್ಲದ ಊರಿಗೆ 1974ರಲ್ಲಿ ಕಾವೇರಿಯ ಮೊದಲ ಹಂತದ ನೀರನ್ನು ಹತ್ತಿಸಿದ್ದು ಸಣ್ಣ ಸಾಧನೆಯಲ್ಲ. ಇಂಥದ್ದಕ್ಕೆ ಪ್ರತ್ಯೇಕ ಪರಿಣತಿ, ಪ್ರತ್ಯೇಕ ಹಣಕಾಸು ಬೇಕು. ತೊಂದರೆಯಾದದ್ದು ಪರಿಣತರನ್ನು ಬೇರೆ ಕೂರಿಸಿದ್ದರಿಂದಲ್ಲ, ಅವರನ್ನು ನಗರದ ಜನಪ್ರತಿನಿಧಿಗಳಿಗೆ ಉತ್ತರದಾಯಿಯಾಗಿಸದೆ ನೇರವಾಗಿ ರಾಜ್ಯ ಸರ್ಕಾರಕ್ಕೆ ಕಟ್ಟಿಹಾಕಿದ್ದರಿಂದ. ಜಲಮಂಡಳಿಯ ಅಧ್ಯಕ್ಷರನ್ನಾಗಲಿ ಬಿಡಿಎ ಆಯುಕ್ತರನ್ನಾಗಲಿ ನೇಮಿಸುವುದು ವಿಧಾನಸೌಧ. ಮೇಯರ್ ಈ ಅಧಿಕಾರಿಗಳನ್ನು ಸಭೆಗೆ ಕರೆಯಬಹುದು, ಆದರೆ ಅವರು ಬಾರದಿದ್ದರೆ ಮಾಡುವುದೇನೂ ಇಲ್ಲ. ಮುಂಬೈನಲ್ಲಿ ಕುಡಿಯುವ ನೀರನ್ನು ಪಾಲಿಕೆಯೇ ನಿಭಾಯಿಸುತ್ತದೆ, ಬೆಸ್ಟ್ ಬಸ್ಸುಗಳೂ ಪಾಲಿಕೆಯ ಅಂಗಸಂಸ್ಥೆಯವು. ಹಾಗಿದ್ದೂ ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಕೆಲಸಗಳನ್ನು ಒಟ್ಟಿಗೆ ಇಡಲು ಸಾಧ್ಯ ಎಂಬುದಕ್ಕೆ ಉದಾಹರಣೆ, ಅಷ್ಟೆ.

ಹಣದ ದಾರಿಯೂ ಹೀಗೆಯೇ ಕವಲಾಯಿತು. ನೀವು ಕಟ್ಟುವ ಆಸ್ತಿ ತೆರಿಗೆ ಪಾಲಿಕೆಗೆ ಹೋಗುತ್ತದೆ, ನೀರಿನ ಬಿಲ್ ಮಂಡಳಿಗೆ, ನಿವೇಶನದ ಬೆಲೆ ಬಿಡಿಎಗೆ. ನಗರ ಹಿಗ್ಗುವಾಗ ಏರುವ ನೆಲದ ಬೆಲೆಯಿಂದ ಬರುವ ಲಾಭವನ್ನು ಪಡೆಯುವ ಸಂಸ್ಥೆ ಒಂದಾದರೆ, ಹಿಗ್ಗಿದ ನಗರಕ್ಕೆ ಚರಂಡಿ ಕಟ್ಟಿ ಕಸ ಎತ್ತಬೇಕಾದದ್ದು ಇನ್ನೊಂದು. ದೊಡ್ಡ ಕಾಮಗಾರಿಗಳಿಗೆ ಪಾಲಿಕೆ ರಾಜ್ಯದ ಅನುದಾನಕ್ಕೆ ಕೈಚಾಚಬೇಕು. ಅನುದಾನ ಕೊಡುವವರು ಕಾಮಗಾರಿಯನ್ನೂ ಆರಿಸುತ್ತಾರೆ.

110 ಹಳ್ಳಿಗಳ ಹದಿನೇಳು ವರ್ಷ

ಈ ಹಂಚಿಕೆಯ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು 110 ಹಳ್ಳಿಗಳ ಕಡೆ ಬೆರಳು ತೋರಿಸುತ್ತೇನೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. ನೂರು ವಾರ್ಡುಗಳ ಹಳೆಯ ಮಹಾನಗರ ಪಾಲಿಕೆಗೆ ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳು ಸೇರಿಕೊಂಡವು. ಸುಮಾರು 226 ಚದರ ಕಿಲೋಮೀಟರಿದ್ದ ನಗರ 700 ದಾಟಿತು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ.

ಸೇರಿದ ದಿನದಿಂದ ಆ ಹಳ್ಳಿಗಳು ನಗರ. ತೆರಿಗೆ ನಗರದ್ದು, ಬಾಡಿಗೆ ನಗರದ್ದು, ಕಟ್ಟಡಗಳು ನಗರದವು. ಗ್ರಾಮ ಪಂಚಾಯಿತಿ ಹೋಯಿತು. ನೀರು? ಕೊಳವೆಬಾವಿ ಮತ್ತು ಟ್ಯಾಂಕರ್. ಈ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವೆ ಹದಿನೇಳು ವರ್ಷ ಕಳೆದಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಅಪಾರ್ಟ್‌ಮೆಂಟುಗಳು ನೀರಿಗೆ ಪಡಿತರ ವಿಧಿಸಿ, ಟ್ಯಾಂಕರುಗಳಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಗಿ ಬಂದದ್ದನ್ನು ದೇಶವೇ ನೋಡಿತು.

ಗಡಿ ವಿಸ್ತರಿಸುವ ತೀರ್ಮಾನ ಒಂದು ಕಡೆ ಆಗುತ್ತದೆ, ನೀರು ತರುವ ತೀರ್ಮಾನ ಇನ್ನೊಂದು ಕಡೆ, ಅದಕ್ಕೆ ಸಾಲ ತರುವ ತೀರ್ಮಾನ ಮತ್ತೊಂದು ಕಡೆ. ಮೂರನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ ಇಟ್ಟು, ‘ನೀರು ಯಾವ ವರ್ಷ ಬರುತ್ತದೆ ಎಂದು ಹೇಳದೆ ಈ ಊರುಗಳನ್ನು ಸೇರಿಸಿಕೊಳ್ಳಬೇಡಿ’ ಎಂದು ಹಟ ಹಿಡಿಯುವ ಅಧಿಕಾರ ಯಾವ ಒಬ್ಬ ಪ್ರತಿನಿಧಿಗೂ ಇರಲಿಲ್ಲ. ಈಗ ಕೊಳವೆ ಹಾಕಲು ಹೊರಟಾಗ ಮನೆಗಳು ಎದ್ದು ನಿಂತಿವೆ, ಸಂಪುಗಳು ರಸ್ತೆಯಂಚಿಗೆ ಬಂದಿವೆ. ಹೊರವಲಯದ ಬೀದಿಗಳು ವರ್ಷಗಟ್ಟಲೆ ಅಗೆದ ಹೊಲದಂತೆ ಬಿದ್ದಿದ್ದಕ್ಕೆ ಇದೇ ಮೂಲ.

ನೀರುಗಂಟಿ ಇಲ್ಲದ ಕಾಲುವೆ

ಮಳೆನೀರಿನ ಕಥೆ ಇನ್ನೂ ಹಳೆಯದು. ಬೆಂಗಳೂರು ಕುಳಿತಿರುವ ದಿಣ್ಣೆಯಿಂದ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಇಳಿಯುತ್ತದೆ: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ಈ ಇಳಿಜಾರುಗಳಲ್ಲಿ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಆ ಕಾಲುವೆಯೇ ರಾಜಕಾಲುವೆ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಕಾಲುವೆಯಲ್ಲಿ ಹೂಳು ತುಂಬಿದರೆ ಊರಿಗೆ ತಿಳಿಸುವುದು ನೀರುಗಂಟಿಯ ಕೆಲಸ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡುಗಳೂ ಅನ್ಯಾಯಗಳೂ ಇದ್ದವು, ಅದನ್ನು ಹೊಗಳಿ ಹಿಂದಕ್ಕೆ ತರಬೇಕೆಂದು ನಾನು ಹೇಳುವುದಿಲ್ಲ. ಆದರೆ ಕೆರೆಗೆ ಒಬ್ಬ ಮನುಷ್ಯನಿದ್ದ, ಅವನು ಯಾರೆಂದು ಊರಿಗೆ ಗೊತ್ತಿತ್ತು.

ಈಗ ಒಂದೇ ರಾಜಕಾಲುವೆಯ ಕಾಗದಗಳು ಎಷ್ಟು ಕಡೆ ಹಂಚಿಹೋಗಿವೆ ನೋಡಿ. ಕಾಲುವೆಯ ಗೋಡೆ ಪಾಲಿಕೆಯ ಮಳೆನೀರು ಚರಂಡಿ ವಿಭಾಗದ್ದು. ಅದರ ಅಗಲ ಎಷ್ಟಿರಬೇಕೆಂದು ಹೇಳುವ ಹಳೆಯ ನಕ್ಷೆ ಭೂದಾಖಲೆ ಇಲಾಖೆಯಲ್ಲಿ. ಒತ್ತುವರಿಯಾಗಿದೆಯೇ ಎಂದು ಅಳೆಯಬೇಕಾದವರು ಕಂದಾಯ ಇಲಾಖೆಯ ಭೂಮಾಪಕರು, ತೆರವಿಗೆ ಆದೇಶ ಹೊರಡಬೇಕಾದದ್ದು ತಹಶೀಲ್ದಾರರ ಕಡೆಯಿಂದ. ಪಕ್ಕದ ಬಡಾವಣೆಗೆ ಒಪ್ಪಿಗೆ ಕೊಟ್ಟದ್ದು ಬಿಡಿಎ ಇರಬಹುದು, 2007ಕ್ಕೆ ಮೊದಲಿನ ಪಂಚಾಯಿತಿಯೂ ಇರಬಹುದು. ಕಾಲುವೆಗೆ ಸೇರುತ್ತಿರುವ ಕೊಳಚೆ ಜಲಮಂಡಳಿಯ ಹೊಣೆ. ಅದನ್ನು ಪರೀಕ್ಷಿಸಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರದ ಕಡೆ, ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಸುತ್ತ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ತಂದದ್ದು ಮೇಲಿನ ಸಾಲುಗಳ ಪರಿಣಾಮ. ಆ ಮಳೆಗೆ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೂ ನೀರು ನುಗ್ಗಿ ನಗರದ ಹಲವು ಭಾಗಗಳಿಗೆ ಕುಡಿಯುವ ನೀರೇ ನಿಂತಿತು. ಮನೆಯೊಳಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಹನಿ ಇಲ್ಲ. ಆ ವಾರ ಮಹದೇವಪುರದ ಯಾವ ವಾರ್ಡಿನಲ್ಲಿಯೂ ಜನ ಆರಿಸಿದ ಪಾಲಿಕೆ ಸದಸ್ಯರು ಇರಲಿಲ್ಲ. ಅಲ್ಲಿ ಮಾತ್ರವಲ್ಲ, ಇಡೀ ನಗರದಲ್ಲೇ ಇರಲಿಲ್ಲ. ಅದಕ್ಕೆ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು.

ಖಾಲಿ ಕುರ್ಚಿ

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ನಗರಗಳ ಪಾಲಿಗೆ ಅದು ಬಹಳ ದೊಡ್ಡ ದಿನ. ಅದರಂತೆ ನಗರ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಮೂರು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. ಮಹಾನಗರಕ್ಕೆ ಒಂದು ಯೋಜನಾ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಮೂರನೆಯ ಎರಡು ಭಾಗ ಸ್ಥಳೀಯ ಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು. ನಗರ ಯೋಜನೆ, ರಸ್ತೆ, ನೀರು ಸೇರಿದಂತೆ 18 ವಿಷಯಗಳ ಪಟ್ಟಿಯನ್ನೂ ಅದು ಕೊಟ್ಟಿತು. ಆದರೆ ಆ ವಿಷಯಗಳನ್ನು ನಗರಕ್ಕೆ ವಹಿಸಬೇಕೆ ಬೇಡವೇ ಎಂಬುದನ್ನು ರಾಜ್ಯ ಶಾಸನಸಭೆಗಳ ಇಚ್ಛೆಗೆ ಬಿಟ್ಟಿತು. ‘ವಹಿಸಬಹುದು’ ಎಂಬ ಆ ಒಂದು ಪದದ ಮರೆಯಲ್ಲಿ ಮೂವತ್ತು ವರ್ಷ ಕಳೆದಿವೆ.

ಬೆಂಗಳೂರಿನ ಮಹಾನಗರ ಯೋಜನಾ ಸಮಿತಿ ರಚನೆಯಾದದ್ದೇ 2014ರಲ್ಲಿ. ನಗರದ 2031ರ ಕರಡು ಮಾಸ್ಟರ್ ಪ್ಲಾನ್ ಅನ್ನು ಬಿಡಿಎ ಸಿದ್ಧಪಡಿಸಿತು, 2020ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೀಗಾಗಿ 2015ಕ್ಕೆಂದು ಬರೆದ ಯೋಜನೆಯ ಆಧಾರದಲ್ಲಿ 2015 ಕಳೆದು ಎಷ್ಟೋ ವರ್ಷಗಳ ನಂತರವೂ ಈ ನಗರ ಕಟ್ಟಡ ಕಟ್ಟಿತು.

ಈಗ ಚುನಾವಣೆಯ ವಿಷಯ. 2006ರ ಕೊನೆಯಿಂದ 2010ರವರೆಗೆ ಒಮ್ಮೆ ನಗರಕ್ಕೆ ಚುನಾಯಿತ ಸಭೆ ಇರಲಿಲ್ಲ. ಬಿಬಿಎಂಪಿಯ ಮೊದಲ ಮೂರು ವರ್ಷ, ಅಂದರೆ 110 ಹಳ್ಳಿಗಳ ಭವಿಷ್ಯ ನಿರ್ಧಾರವಾಗಬೇಕಿದ್ದ ಕಾಲ, ಆಡಳಿತಾಧಿಕಾರಿಯ ಕೈಯಲ್ಲಿ ಕಳೆಯಿತು. 2010 ಮತ್ತು 2015ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. 2015ರ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮುಗಿದ ಮೇಲೆ ಚುನಾವಣೆ ನಡೆಯಲಿಲ್ಲ. ವಾರ್ಡುಗಳನ್ನು 243ಕ್ಕೆ ಏರಿಸುವ ತಿದ್ದುಪಡಿ ಬಂತು. 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. 243ರ ಪುನರ್ವಿಂಗಡಣೆ ಮುಗಿದಾಗ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ ಸರ್ಕಾರ ಬದಲಾಯಿತು, ವಾರ್ಡುಗಳು 225 ಆದವು. ಅನಂತರ ಬಿಬಿಎಂಪಿಯೇ ಇಲ್ಲವಾಗಿ ಐದು ಪಾಲಿಕೆಗಳು ಬಂದವು, ಒಟ್ಟು ವಾರ್ಡುಗಳು 369. 2025 ಮುಗಿಯುವ ಹೊತ್ತಿಗೂ ಮತ ಹಾಕಲು ಜನರಿಗೆ ಅವಕಾಶ ಸಿಕ್ಕಿರಲಿಲ್ಲ. ಆ ವರ್ಷದ ಪಾಲಿಕೆಯ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅಷ್ಟು ಹಣದ ಒಂದು ಸಾಲಿನ ಮೇಲೂ ಚುನಾಯಿತ ಸದಸ್ಯರೊಬ್ಬರು ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ, ಏಕೆಂದರೆ ಸಭೆಯೇ ಇರಲಿಲ್ಲ.

198, 243, 225, 369. ಈ ಸಂಖ್ಯೆಗಳಲ್ಲಿಯೇ ತಂತ್ರ ಅಡಗಿದೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಆದರೆ ವಾರ್ಡಿನ ಗಡಿ ಎಳೆಯುವುದು, ಮೀಸಲಾತಿ ಹಂಚುವುದು ರಾಜ್ಯ ಸರ್ಕಾರ. ಗಡಿ ಇತ್ಯರ್ಥವಾಗದೆ ಆಯೋಗ ಹೆಜ್ಜೆ ಇಡಲಾರದು. ಹೀಗಾಗಿ ಚುನಾವಣೆ ಬೇಡವೆಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ, ಮತ್ತೊಮ್ಮೆ ಗಡಿ ಎಳೆದರೆ ಸಾಕು. ಇದನ್ನು ಒಂದೇ ಪಕ್ಷದ ತಪ್ಪೆಂದು ಹೇಳಲಾಗದು. 2020ರಿಂದ ಈಚೆಗೆ ಅಧಿಕಾರ ನಡೆಸಿದ ಎರಡೂ ಪಕ್ಷಗಳ ಕಾಲದಲ್ಲಿ ಇದೇ ನಡೆಯಿತು. ಬೇರೆ ನಗರಗಳೂ ಇದಕ್ಕೆ ಹೊರತಲ್ಲ: ಚೆನ್ನೈ 2016ರಿಂದ 2022ರವರೆಗೆ ಚುನಾಯಿತ ಸಭೆಯಿಲ್ಲದೆ ಇತ್ತು, ಮುಂಬೈ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಅಲ್ಲೂ ವರ್ಷಗಳು ಉರುಳಿದವು.

ಏಕೆ ಹೀಗೆ? ನನ್ನ ಮಟ್ಟಿಗೆ ಉತ್ತರ ಸರಳವಾಗಿದೆ. ಬೆಂಗಳೂರಿನಲ್ಲಿ 28 ವಿಧಾನಸಭಾ ಕ್ಷೇತ್ರಗಳಿವೆ. ಕಾರ್ಪೊರೇಟರ್ ಇಲ್ಲದಿದ್ದರೆ ಚರಂಡಿ ಕಟ್ಟಿಸಿಕೊಡಿ, ಬೀದಿ ದೀಪ ಹಾಕಿಸಿ ಎಂದು ಜನ ಶಾಸಕರ ಮನೆಗೆ ಹೋಗಬೇಕು. ಕಾಮಗಾರಿಯ ಪಟ್ಟಿ, ಶಂಕುಸ್ಥಾಪನೆಯ ಫಲಕ, ಗುತ್ತಿಗೆಯ ಮಾತು ಎಲ್ಲವೂ ಒಂದೇ ಬಾಗಿಲಿಗೆ ಬರುತ್ತವೆ. ಕಾರ್ಪೊರೇಟರ್ ಇದ್ದರೆ ಆ ಹೆಸರಿನಲ್ಲಿ ಪಾಲು ಹೋಗುತ್ತದೆ; ಮೇಲಾಗಿ ಇಂದಿನ ಕಾರ್ಪೊರೇಟರ್ ನಾಳೆ ಅದೇ ಕ್ಷೇತ್ರದ ಟಿಕೆಟ್ ಕೇಳಬಹುದು. ನಗರದ ಹಲವು ಶಾಸಕರೇ ಆ ಮೆಟ್ಟಿಲಿನಿಂದ ಮೇಲೆ ಬಂದವರು, ಅವರಿಗೆ ಇದು ಚೆನ್ನಾಗಿ ಗೊತ್ತು. ಶಾಸಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಶಾಸಕರ ಕ್ಷೇತ್ರದಲ್ಲಿ ಹತ್ತಾರು ವಾರ್ಡುಗಳಿವೆ, ಶಾಸನಸಭೆಯ ಕೆಲಸವಿದೆ, ಪಕ್ಷದ ಕೆಲಸವಿದೆ. ಮೂರನೇ ಅಡ್ಡರಸ್ತೆಯ ಮ್ಯಾನ್‌ಹೋಲ್ ಯಾವಾಗ ಉಕ್ಕುತ್ತದೆ ಎಂಬುದು ಅವರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದೇ ಅನ್ಯಾಯ. ಅದಕ್ಕೆಂದೇ ಒಂದು ಹುದ್ದೆ ಇದೆ.

ಹಾಗೆಂದು ಕಾರ್ಪೊರೇಟರ್ ಬಂದ ಕೂಡಲೇ ಎಲ್ಲವೂ ನೇರವಾಗುತ್ತದೆ ಎಂದು ನಂಬಿಸಲು ನಾನು ಸಿದ್ಧನಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ತೀರ್ಮಾನವಾದಾಗ ನಗರಕ್ಕೆ ಚುನಾಯಿತ ಸಭೆ ಇತ್ತು, ಮೇಯರ್ ಇದ್ದರು. ತೀರ್ಮಾನವಾದದ್ದು ಮಾತ್ರ ರಾಜ್ಯ ಸಚಿವ ಸಂಪುಟದಲ್ಲಿ, ಕಟ್ಟಬೇಕಾದದ್ದು ಬಿಡಿಎ. ಜನ ಅಕ್ಟೋಬರ್ 16ರಂದು ರಸ್ತೆಗಿಳಿದು ಮಾನವ ಸರಪಳಿ ಕಟ್ಟಿದರು, ಹಸಿರು ನ್ಯಾಯಮಂಡಳಿಯ ತಡೆ ಬಂತು, 2017ರ ಮಾರ್ಚ್‌ನಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಪಾಲಿಕೆಯ ಸಭಾಂಗಣದಲ್ಲಿ ನಡೆಯಬೇಕಿದ್ದ ವಾದ ಬೀದಿಯಲ್ಲಿ, ನ್ಯಾಯಾಲಯದಲ್ಲಿ ನಡೆಯಿತು. ಕುರ್ಚಿ ತುಂಬಿದ್ದರೂ ಅದರ ಕೈಗೆ ಲೇಖನಿ ಕೊಟ್ಟಿರಲಿಲ್ಲ.

ಐದು ಪಾಲಿಕೆ, ಒಂದು ಪ್ರಾಧಿಕಾರ

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾದದ್ದು 2025ರ ಮೇ 15ರಂದು. ಸೆಪ್ಟೆಂಬರ್ 2ರಿಂದ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ವಾರ್ಡುಗಳು ಸಮನಾಗಿ ಹಂಚಿಕೆಯಾಗಿಲ್ಲ: ಪಶ್ಚಿಮಕ್ಕೆ 112, ಪೂರ್ವಕ್ಕೆ 50. ಮೇಯರ್ ಅವಧಿ ಮೊದಲಿನಂತೆ ಒಂದೇ ವರ್ಷ ಅಲ್ಲ, ಮೂವತ್ತು ತಿಂಗಳು. ಒಂದು ವರ್ಷದಲ್ಲಿ ಕಡತಗಳನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಮೇಯರ್ ಗೌನು ಕಳಚಬೇಕಾಗಿದ್ದ ಊರಿಗೆ ಇದು ನಿಜವಾದ ಸುಧಾರಣೆ.

ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಮುಖ್ಯಮಂತ್ರಿ ಅದರ ಅಧ್ಯಕ್ಷರು, ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ನಗರದ ಸಚಿವರು, ಶಾಸಕರು, ಐವರು ಮೇಯರ್‌ಗಳು, ಜಲಮಂಡಳಿ, ಬಿಡಿಎ, ಬೆಸ್ಕಾಂ, ಬಿಎಂಟಿಸಿ, ಮೆಟ್ರೊ ಸಂಸ್ಥೆಗಳ ಮುಖ್ಯಸ್ಥರು ಅಲ್ಲಿ ಕೂರುತ್ತಾರೆ. ಅಂದರೆ, ನಾವು ಇಷ್ಟು ಹೊತ್ತು ಹುಡುಕುತ್ತಿದ್ದ ಮೇಜು ಕೊನೆಗೂ ಸಿಕ್ಕಿದೆ. ಎಲ್ಲ ಸಂಸ್ಥೆಗಳೂ ಒಂದೇ ಕೋಣೆಗೆ ಬರಲಿವೆ ಎಂಬುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮೇಜಿನ ತುದಿಯಲ್ಲಿ ಕೂತವರು ಯಾರು? ಇಡೀ ರಾಜ್ಯದ ಮುಖ್ಯಮಂತ್ರಿ. ಬೀದರಿನಿಂದ ಚಾಮರಾಜನಗರದವರೆಗೆ ಜವಾಬ್ದಾರಿ ಹೊತ್ತವರು, ಬೆಂಗಳೂರಿನ ಮತದಿಂದ ಮಾತ್ರ ಗೆದ್ದುಬಂದವರಲ್ಲ, ಬೆಂಗಳೂರಿನ ಮತದಿಂದ ಮಾತ್ರ ಸೋಲುವವರೂ ಅಲ್ಲ. 74ನೇ ತಿದ್ದುಪಡಿ ನಗರದ ಜನರಿಗೆ ಕೊಡಬೇಕೆಂದಿದ್ದ ಲೇಖನಿ ಮತ್ತೆ ವಿಧಾನಸೌಧದ ಜೇಬಿಗೇ ಹೋಗಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಎರಡನೆಯದು ನೀರಿನ ದಾರಿ. ಕಣಿವೆಗಳು ಪಾಲಿಕೆಗಳ ಗಡಿಯನ್ನು ಲೆಕ್ಕಿಸುವುದಿಲ್ಲ. ನಗರದ ನಡುಭಾಗದಲ್ಲಿ ಸುರಿದ ಮಳೆ ಕೋರಮಂಗಲದ ಕಣಿವೆಯಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ ಹರಿಯುತ್ತದೆ. ಮೇಲಿನ ಪಾಲಿಕೆ ಹೂಳು ತೆಗೆಯದಿದ್ದರೆ ಮುಳುಗುವುದು ಕೆಳಗಿನ ಪಾಲಿಕೆಯ ಮನೆಗಳು. ಮೇಲಿನ ಪಾಲಿಕೆಯ ಸದಸ್ಯರಿಗೆ ಕೆಳಗಿನವರು ಮತ ಹಾಕುವುದಿಲ್ಲ. ಇಂಥ ಜಗಳವನ್ನು ತೀರಿಸುವುದು ಪ್ರಾಧಿಕಾರದ ಮೊದಲ ಪರೀಕ್ಷೆ. ಅದು ಬರುವುದು ಯಾವುದಾದರೂ ಆಗಸ್ಟ್ ತಿಂಗಳ ರಾತ್ರಿಯಲ್ಲಿ.

ಬೀದಿಗೆ ಮರಳೋಣ. ಹತ್ತು ಸಂಸ್ಥೆಗಳೂ ಒಂದು ಬೀದಿಯ ಅಳತೆಯಲ್ಲಿ ಭೇಟಿಯಾಗಬಹುದಾದ ಜಾಗ ವಾರ್ಡ್ ಸಮಿತಿ. ಸುತ್ತಲಿನ ನಿವಾಸಿಗಳು ಅದರಲ್ಲಿರುತ್ತಾರೆ, ಆ ವಾರ್ಡಿನ ಪಾಲಿಕೆ ಸದಸ್ಯರು ಅಧ್ಯಕ್ಷತೆ ವಹಿಸುತ್ತಾರೆ, ಅಧಿಕಾರಿಗಳು ಬರಬೇಕು. ಹಿಂದಿನ ಸಭೆಯ ಕಾಲದಲ್ಲಿ ಕೆಲವು ವಾರ್ಡುಗಳಲ್ಲಿ ತಿಂಗಳಿಗೊಮ್ಮೆ ಅದು ಚೆನ್ನಾಗಿಯೇ ನಡೆಯಿತು. ಹಲವು ಕಡೆ ಹಾಜರಿ ಪುಸ್ತಕದಲ್ಲಿ ಮಾತ್ರ ನಡೆಯಿತು. ನಡೆದ ಕಡೆಗಳಲ್ಲಿ ಜನ ಕೇಳಿದ್ದು ದೊಡ್ಡ ದೊಡ್ಡ ಸಂಗತಿಗಳನ್ನಲ್ಲ. ಈ ರಸ್ತೆಗೆ ಡಾಂಬರು ಹಾಕುವ ಮೊದಲು ಒಳಚರಂಡಿ ಕೆಲಸ ಮುಗಿಯುತ್ತದೆಯೇ, ಕೇಬಲ್‌ನವರು ಯಾವ ವಾರ ಬರುತ್ತಾರೆ, ಅಗೆದ ಮಣ್ಣನ್ನು ಯಾರು ಎತ್ತುತ್ತಾರೆ, ಮಳೆಗೆ ಮೊದಲು ಮೋರಿಯ ಹೂಳು ತೆಗೆಯುತ್ತಾರೆಯೇ.

ಮತ ಕೇಳುತ್ತ ಅಭ್ಯರ್ಥಿಯೊಬ್ಬರು ನನ್ನ ಮನೆ ಬಾಗಿಲಿಗೆ ಬಂದರೆ ಮೇಲ್ಸೇತುವೆ, ಸುರಂಗ ರಸ್ತೆಗಳ ಬಗ್ಗೆ ನಾನು ಕೇಳುವುದಿಲ್ಲ. ಅವು ಅವರ ಕೈಯಲ್ಲಿಲ್ಲ. ಪ್ರತಿ ತಿಂಗಳು ವಾರ್ಡ್ ಸಮಿತಿಯನ್ನು ಯಾವ ದಿನ, ಎಲ್ಲಿ ಸೇರಿಸುತ್ತೀರಿ ಎಂದು ಕೇಳುತ್ತೇನೆ. ಜಲಮಂಡಳಿಯ ಎಂಜಿನಿಯರ್ ಆ ಸಭೆಗೆ ಬಾರದಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಈ ಎರಡನೇ ಪ್ರಶ್ನೆಗೆ ಸದ್ಯದ ಕಾನೂನಿನಲ್ಲಿ ಗಟ್ಟಿ ಉತ್ತರವಿಲ್ಲ. ಐದು ಪಾಲಿಕೆಗಳ 369 ಸದಸ್ಯರು ತಮ್ಮ ಮೊದಲ ಸಭೆಗಳಲ್ಲಿಯೇ ರಾಜ್ಯ ಸರ್ಕಾರದಿಂದ ಕೇಳಿ ಪಡೆಯಬೇಕಾದದ್ದು ಆ ಉತ್ತರವನ್ನು.